ನನೆ ಸಿಕ್ಕಿದ ಕತೆ

ಮಗಳ ಜನನ ಪ್ರಮಾಣಪತ್ರ ಮನೆಗೆ ಬಂದಾಗ ಅದರಲ್ಲಿ ಹೆಸರಿನ ಜಾಗ ಖಾಲಿ ಇತ್ತು. ಹುಟ್ಟಿದ 21 ದಿನದೊಳಗೆ ನೋಂದಣಿ ಆಗಬೇಕು. ಹೆಸರನ್ನು ಮಾತ್ರ ಆಮೇಲೆ ಸೇರಿಸಬಹುದು, ಒಂದು ವರ್ಷದೊಳಗಾದರೆ ಶುಲ್ಕವೂ ಇಲ್ಲ. 1969ರ ಕಾಯ್ದೆ ಕೊಟ್ಟ ಆ ಬಿಡುವಿನಲ್ಲೇ ನಾನು ಹುಡುಕಲು ಕೂತೆ.

ಹುಟ್ಟಿದ್ದು ಅನೂರಾಧಾ ನಕ್ಷತ್ರದ ಮೊದಲ ಪಾದದಲ್ಲಿ. ಹಾಗಾಗಿ ಅಕ್ಷರ ‘ನ’. ಅತ್ತೆ ಆಗಲೇ ನಿಶ್ಚಯ ಮಾಡಿಬಿಟ್ಟಿದ್ದರು: ನಾರಾಯಣಿ. ಅದಕ್ಕೆ ಅವರ ಬಳಿ ಕಾರಣವೂ ಇತ್ತು. ಭಾಗವತದ ಅಜಾಮಿಳ ಸಾಯುವಾಗ ಕೂಗಿದ್ದು ಮಗನನ್ನು. ಮಗನ ಹೆಸರು ನಾರಾಯಣ ಆಗಿದ್ದರಿಂದ ಯಮದೂತರ ಕೈಯಿಂದ ಪಾರಾದ. “ಮಗೂನ ಕೂಗಿದ ಹಾಗೂ ಆಯ್ತು, ದೇವರನ್ನ ನೆನೆದ ಹಾಗೂ ಆಯ್ತು, ಅಲ್ವೇನಮ್ಮಾ?” ಈ ಮಾತಿಗೆ ಎದುರಾಡುವುದು ಸುಲಭವಲ್ಲ.

ನಮ್ಮ ಜಯನಗರದ ಮನೆಯ ಬೀರುವಿನ ಮೇಲೆ ಮಾವನವರು ಕೊಂಡಿಟ್ಟಿದ್ದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ 8 ಸಂಪುಟಗಳಿವೆ. ಅದರ ಪ್ರಧಾನ ಸಂಪಾದಕರಾಗಿ ದುಡಿದ ಜಿ. ವೆಂಕಟಸುಬ್ಬಯ್ಯನವರು ನಮ್ಮ ಜಯನಗರದವರೇ. 1913ರಲ್ಲಿ ಹುಟ್ಟಿ, 107 ವರ್ಷ ಬಾಳಿ, 2021ರಲ್ಲಿ ತೀರಿಕೊಂಡರು. ಒಂದೊಂದು ಪದದ ಕೆಳಗೂ ಅದು ಯಾವ ಶಾಸನದಲ್ಲಿ, ಯಾವ ಕಾವ್ಯದಲ್ಲಿ ಬಂದಿದೆ ಎಂಬ ಪ್ರಯೋಗಗಳನ್ನು ಕೊಡುವ ನಿಘಂಟು ಅದು. ಮಗು ತೊಡೆಯ ಮೇಲೆ ಮಲಗಿದಾಗ ‘ನ’ಕಾರವನ್ನು ಪುಟಪುಟವಾಗಿ ಓದುತ್ತಾ ಹೋದೆ.

ಒಂದು ಸಂಜೆ ಕಣ್ಣು ನಿಂತದ್ದು ‘ನನೆ’ಯ ಮೇಲೆ. ನನೆ ಎಂದರೆ ಮೊಗ್ಗು. ಮೊಗ್ಗು ಬಿಡುವುದೂ ನನೆಯೇ. ಮನ್ಮಥನಿಗೆ ಹಳಗನ್ನಡದಲ್ಲಿ ‘ನನೆವಿಲ್ಲ’ ಎಂಬ ಹೆಸರಿದೆ: ಮೊಗ್ಗನ್ನೇ ಬಿಲ್ಲಾಗಿ ಹಿಡಿದವನು. 13ನೇ ಶತಮಾನದ ಆಂಡಯ್ಯ ಸಂಸ್ಕೃತದ ತತ್ಸಮಗಳನ್ನು ದೂರವಿಟ್ಟು ‘ಕಬ್ಬಿಗರ ಕಾವ’ ಬರೆದದ್ದು ಆ ಮನ್ಮಥನ ಕತೆಯನ್ನೇ. ತೊಡೆಯ ಮೇಲೆ ಮುಷ್ಟಿ ಬಿಗಿಹಿಡಿದು ಮಲಗಿದ್ದವಳನ್ನು ನೋಡಿದೆ. ಹೆಸರು ಸಿಕ್ಕಿತ್ತು.

ಸಿಕ್ಕಿದ ಮೇಲೆ ಭಯ ಶುರುವಾಯಿತು. “ಮಳೇಲಿ ನೆನೆಯೋದಾ?” ಎಂದರು ನಾದಿನಿ. “ಶಾಲೆಯಲ್ಲಿ ಆಡಿಕೊಳ್ಳಲ್ವಾ?” ಎಂದರು ನನ್ನ ಅಮ್ಮ. ಅತ್ತೆ ಎರಡು ದಿನ ಮಾತೇ ಆಡಲಿಲ್ಲ. ರಾತ್ರಿ ನನಗೂ ಅನ್ನಿಸುತ್ತಿತ್ತು: ನನ್ನ ಆಸೆಯ ಭಾರವನ್ನು ಇವಳು ಜೀವನವಿಡೀ ಹೊರಬೇಕೇ?

ಧೈರ್ಯ ಕೊಟ್ಟದ್ದು ಬೇರೆಯವರ ಮನೆಯ ಹೆಸರುಗಳು. ಪುಟ್ಟಪ್ಪ ಎಂಬ ಹೆಸರಿನ ಕುವೆಂಪು 1938ರಲ್ಲಿ ಹುಟ್ಟಿದ ಮಗನಿಗೆ ಪೂರ್ಣಚಂದ್ರ ತೇಜಸ್ವಿ ಎಂದು ಹೆಸರಿಟ್ಟರು. ಎರಡನೆಯ ಮಗನಿಗೆ ಕೋಕಿಲೋದಯ ಚೈತ್ರ. ತಂದೆಯ ಹೆಸರು ವೆಂಕಟಪ್ಪ ಎಂದಿದ್ದ ಮನೆತನದಲ್ಲಿ ಅವು ಎಷ್ಟು ಹೊಸದಾಗಿ ಕೇಳಿಸಿರಬೇಕು! ಇಂದು ತೇಜಸ್ವಿ ಎಂಬ ಹೆಸರು ಯಾರಿಗೂ ವಿಚಿತ್ರವಲ್ಲ. ರೈತ ನಾಯಕ ಎಂ.ಡಿ. ನಂಜುಂಡಸ್ವಾಮಿಯವರ ಮಕ್ಕಳು ಚುಕ್ಕಿ ಮತ್ತು ಪಚ್ಚೆ. ಅಂಗಳದ ರಂಗೋಲಿಯಲ್ಲೂ ಹೊಲದ ಪೈರಿನಲ್ಲೂ ಇರುವ ಮಾತುಗಳು ಹೆಸರಾಗಬಲ್ಲವು ಎಂದು ಅವು ನನಗೆ ತೋರಿಸಿದವು. ನಮ್ಮದೇ ಮಾತು ನಮಗೆ ಅಪರಿಚಿತವಾಗಿದ್ದರೆ ಅದನ್ನು ಬಳಕೆಗೆ ತರುವುದೇ ಅದಕ್ಕೆ ಮದ್ದು.

ಮೂರನೇ ತಿಂಗಳಲ್ಲಿ ನಾಮಕರಣ. ದಾರಿ ತೋರಿಸಿದವರು ಪುರೋಹಿತರು. ಮಗುವಿಗೆ ಇಡುವುದು ಒಂದೇ ಹೆಸರಲ್ಲ. ಮಾಸನಾಮ, ನಕ್ಷತ್ರನಾಮಗಳ ಜೊತೆಗೆ ಲೋಕ ಕರೆಯಲೆಂದೇ ವ್ಯವಹಾರನಾಮ ಬೇರೆ ಇರುತ್ತದೆ ಎಂದರು. ನಾನು ಎಲ್ಲೆಲ್ಲೋ ಹುಡುಕಿದ ಅವಕಾಶ ಅತ್ತೆಯ ಶಾಸ್ತ್ರದಲ್ಲೇ ಇತ್ತು! ತಟ್ಟೆಯ ಅಕ್ಕಿಯಲ್ಲಿ ಉಂಗುರ ಹಿಡಿದು ಅತ್ತೆ ನಾರಾಯಣಿ ಎಂದು ಬರೆಸಿದರು. ಅದರ ಕೆಳಗೆ ನಾವು ನನೆ ಎಂದು ಬರೆದೆವು. ಪ್ರಮಾಣಪತ್ರದ ಖಾಲಿ ಜಾಗಕ್ಕೆ ಹೋದದ್ದು ಎರಡನೆಯದು.

ಅತ್ತೆಯ ನಾಲಿಗೆಗೆ ಅದು ಇನ್ನೂ ‘ನೆನೆ’ ಎಂದೇ ಬರುತ್ತದೆ. ಮೊದಮೊದಲು ತಿದ್ದುತ್ತಿದ್ದೆ. ಒಂದು ಬೆಳಗ್ಗೆ ದೀಪ ಹಚ್ಚುತ್ತಾ ಅವರು ಮೊಮ್ಮಗಳನ್ನು “ನೆನೇ, ಬಾಮ್ಮಾ” ಎಂದು ಕೂಗಿದಾಗ, ದೇವರ ಮುಂದೆ ಆ ಮಾತಿಗಿರುವ ಅರ್ಥ ಕಿವಿಗೆ ಬಿತ್ತು. ಮಗುವನ್ನು ಕೂಗಿದರೆ ದೇವರನ್ನು ನೆನೆದಂತಾಗಬೇಕು ಎಂಬುದಷ್ಟೇ ಅವರ ಆಸೆಯಾಗಿತ್ತು. ಅಂದಿನಿಂದ ತಿದ್ದುವುದನ್ನು ಬಿಟ್ಟೆ.