ಮೂರನೆಯ ಸಹಿ ಯಾರದ್ದು?

ಪಂಚಗಂಗಾವಳಿಯ ಹಿನ್ನೀರಿನ ಬದಿಯಲ್ಲಿ ಸಿಗಡಿ ಕೆರೆ ಇಟ್ಟುಕೊಂಡವರಿಗೆ ಕಾಗೆ, ಬೆಳ್ಳಕ್ಕಿಗಳ ಮೇಲೆ ಸದಾ ಒಂದು ಕಣ್ಣು. ಅವು ಇದ್ದಕ್ಕಿದ್ದಂತೆ ಕೆರೆ ದಂಡೆಗೆ ಮುತ್ತಿಕೊಂಡವೆಂದರೆ ನೀರೊಳಗೆ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ. ರೋಗ ಬಡಿದ ಸಿಗಡಿ ಮೇವು ಬಿಡುತ್ತದೆ, ಮಂಕಾಗುತ್ತದೆ, ದಡಕ್ಕೆ ಬಂದು ಬೀಳುತ್ತದೆ. ಎತ್ತಿಕೊಂಡು ತಲೆಯ ಚಿಪ್ಪು ಬಿಡಿಸಿ ಬೆಳಕಿಗೆ ಹಿಡಿದರೆ ಸಾಸಿವೆಯಷ್ಟೂ ಇಲ್ಲದ ಬಿಳಿ ಚುಕ್ಕೆಗಳು. ಅಲ್ಲಿಂದ ಮೂರರಿಂದ ಹತ್ತು ದಿನದೊಳಗೆ ಇಡೀ ಕೆರೆ ಖಾಲಿಯಾಗಬಹುದು. ಈ ರೋಗ ತರುವ ವೈರಸ್ ಮನುಷ್ಯರಿಗೆ ಏನೂ ಮಾಡುವುದಿಲ್ಲ. ಆದರೆ ಸಾಲ ಮಾಡಿ ಮರಿ ಬಿಟ್ಟವನನ್ನು ಒಂದೇ ವಾರದಲ್ಲಿ ಮುಳುಗಿಸುತ್ತದೆ.

ಜೈವಿಕ ತಂತ್ರಜ್ಞಾನ, ವಿಶ್ವವಿದ್ಯಾಲಯ, ಕಂಪನಿ, ಒಪ್ಪಂದ ಎಂದಾಗ ನಮಗೆ ಬೆಂಗಳೂರಿನ ಗಾಜಿನ ಕಟ್ಟಡಗಳೇ ಕಣ್ಣಿಗೆ ಬರುತ್ತವೆ. ಆದರೆ ಲ್ಯಾಬಿನಲ್ಲಿ ಹುಟ್ಟಿದ ಜ್ಞಾನ ಯಾರ ಕೈ ದಾಟಿ ಯಾರಿಗೆ ತಲುಪುತ್ತದೆ, ನಡುವೆ ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರಗಳಷ್ಟು ಸ್ಪಷ್ಟವಾಗಿ ತೋರಿಸುವ ಜಾಗಗಳು ಕಡಿಮೆ. ಇಲ್ಲಿ ಹೊಳೆಯಿದೆ, ಬೈಲು ಗದ್ದೆಯಿದೆ, ಸಂಶೋಧನಾ ಕೇಂದ್ರವಿದೆ, ಮೂವತ್ತು ವರ್ಷಗಳ ಅನುಭವವೂ ಇದೆ.

ಚುಕ್ಕೆ ರೋಗ ಮತ್ತು ಮಂಗಳೂರಿನ ಲ್ಯಾಬು

1990ರ ದಶಕದ ಆರಂಭದಲ್ಲಿ ಟೈಗರ್ ಸಿಗಡಿಗೆ ವಿದೇಶದಲ್ಲಿ ಒಳ್ಳೆಯ ಬೆಲೆ ಬಂತು. ಉಪ್ಪುನೀರು ಏರಿಳಿಯುವ ಹೊಳೆಬದಿಯ ತಗ್ಗು ಗದ್ದೆಗಳು ಕೆರೆಗಳಾದವು. ಅದೇ ಹೊತ್ತಿಗೆ, ಸುಮಾರು 1992ರಲ್ಲಿ, ತೈವಾನ್ ಮತ್ತು ಚೀನಾ ಕಡೆ ಬಿಳಿ ಚುಕ್ಕೆ ರೋಗ ಕಾಣಿಸಿತು. 1994ರ ಕೊನೆಗೆ ಅದು ನಮ್ಮ ಪೂರ್ವ ಕರಾವಳಿಗೆ ಬಂತು. ಸ್ವಲ್ಪ ಕಾಲದಲ್ಲೇ ಪಶ್ಚಿಮಕ್ಕೂ ದಾಟಿತು. 1996ರ ಡಿಸೆಂಬರ್ 11ರಂದು ಕರಾವಳಿಯ ಸಿಗಡಿ ಕೃಷಿಗೆ ಕಡಿವಾಣ ಹಾಕುವ ಸುಪ್ರೀಂ ಕೋರ್ಟ್ ತೀರ್ಪು ಹೊರಬಿತ್ತು. ರೋಗ ಒಂದು ಕಡೆ, ಕಾನೂನಿನ ಅನಿಶ್ಚಿತತೆ ಇನ್ನೊಂದು ಕಡೆ. ಎಷ್ಟೋ ಕೆರೆಗಳು ಪಾಳು ಬಿದ್ದವು.

ಈ ರೋಗಕ್ಕೆ ಮದ್ದಿಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ. ಬೇಗ ಪತ್ತೆ ಹಚ್ಚುವುದೊಂದೇ ದಾರಿ. 1996ರಲ್ಲಿ ತೈವಾನಿನ ವಿಶ್ವವಿದ್ಯಾಲಯದ ಸಂಶೋಧಕಿ ಲೋ ಚು-ಫಾಂಗ್ ಮತ್ತು ಸಂಗಡಿಗರು ಎರಡು ಹಂತದ ಪಿಸಿಆರ್ ಪರೀಕ್ಷೆಯನ್ನು ಪ್ರಕಟಿಸಿದರು. ವೈರಸ್ಸಿನ ಯಾವ ತುಣುಕನ್ನು ಹಿಡಿದು ಹುಡುಕಬೇಕು ಎಂಬುದನ್ನು ಅಕ್ಷರಕ್ಷರ ಬಿಚ್ಚಿಟ್ಟರು. ಜಗತ್ತಿನ ಯಾವ ಲ್ಯಾಬು ಬೇಕಾದರೂ ಅದನ್ನು ಬಳಸಬಹುದಿತ್ತು, ಬಳಸಿತು ಕೂಡ. ಆಡಳಿತ ಶಾಸ್ತ್ರದ ಪ್ರಾಧ್ಯಾಪಕ ಹೆನ್ರಿ ಚೆಸ್‌ಬ್ರೋ 2003ರಲ್ಲಿ ‘ಮುಕ್ತ ನಾವೀನ್ಯ’ ಎಂಬ ಹೆಸರಿನಲ್ಲಿ ಪುಸ್ತಕ ಬರೆಯುವ ಮೊದಲೇ ಸಿಗಡಿ ವಿಜ್ಞಾನಿಗಳು ಅದರ ಹಿರಿದಾದ ಅರ್ಥವನ್ನು ನಡೆಸಿ ತೋರಿಸಿದ್ದರು.

ನಮ್ಮ ಕಡೆ ಈ ಕೆಲಸಕ್ಕೆ ಹೆಗಲು ಕೊಟ್ಟದ್ದು 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು. ಪಶ್ಚಿಮ ಕರಾವಳಿಯ ರೋಗಪೀಡಿತ ಸಿಗಡಿಗಳ ಅಧ್ಯಯನವನ್ನು ಇಂದ್ರಾಣಿ ಮತ್ತು ಇಡ್ಯ ಕರುಣಾಸಾಗರ್ ಅವರ ತಂಡ 1997ರಲ್ಲಿ ಪ್ರಕಟಿಸಿತು. ಸಿ.ವಿ. ಮೋಹನ್, ಕೆ.ಎಂ. ಶಂಕರ್ ಮತ್ತು ವಿದೇಶದ ಸಹೋದ್ಯೋಗಿಗಳಿದ್ದ ತಂಡ, ಕರ್ನಾಟಕದ ಕೆರೆಗಳಿಗೆ ಬಿಡುವ ಮರಿಗಳಲ್ಲಿ ಬಿಡುವ ಹೊತ್ತಿಗೇ ಸೋಂಕು ಎಷ್ಟಿದೆ ಎಂದು ಪಿಸಿಆರ್‌ನಿಂದ ಅಳೆಯಿತು. ಆ ಫಲಿತಾಂಶ 2002ರಲ್ಲಿ ಬಂತು. ಅದೇ ವರ್ಷ ಶಂಕರ್ ಅವರ ಬಳಗ ವೈರಸ್ಸನ್ನು ಗುರುತಿಸುವ ಮಾನೋಕ್ಲೋನಲ್ ಪ್ರತಿಕಾಯಗಳನ್ನು ವರದಿ ಮಾಡಿತು. ಮುಂದೆ ಅದರಿಂದಲೇ ಕೆರೆ ದಂಡೆಯಲ್ಲಿ ಮಾಡಬಹುದಾದ ‘ರ‍್ಯಾಪಿಡಾಟ್’ ಪರೀಕ್ಷೆ ರೂಪುಗೊಂಡಿತು. ಸಿಗಡಿಯ ಕಿವಿರಿನ ಚೂರನ್ನು ದ್ರಾವಣದಲ್ಲಿ ಅರೆದು, ಆ ರಸವನ್ನು ಪುಟ್ಟ ಪೊರೆಯ ಮೇಲೆ ಹನಿಸಿ, ಒಂದೆರಡು ದ್ರಾವಣ ಹಾಯಿಸಿದರೆ ಆಯಿತು. ವೈರಸ್ ಇದ್ದರೆ ಬಣ್ಣದ ಚುಕ್ಕೆ ಮೂಡುತ್ತದೆ. ಯಂತ್ರ ಬೇಡ, ಕೆಲವೇ ನಿಮಿಷದ ಕೆಲಸ. ಅತ್ತ ಚೆನ್ನೈನ ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪಿಸಿಆರ್ ಕಿಟ್ ಬೆಂಗಳೂರಿನ ಜೀನೈ ಕಂಪನಿಯ ಮೂಲಕ ಮಾರುಕಟ್ಟೆಗೆ ಬಂತು.

ಕಾಗದದ ಮಟ್ಟಿಗೆ ತಂತ್ರಜ್ಞಾನ ವರ್ಗಾವಣೆ ಅಲ್ಲಿಗೆ ಮುಗಿಯಿತು. ಕೆರೆಯ ಮಟ್ಟಿಗೆ ಅದು ಆಗಷ್ಟೇ ಶುರು.

ಕಿಟ್ ಬಂದ ಮೇಲೆ

ಒಂದು ಲೆಕ್ಕ ನೋಡಿ. ಮರಿಗಳ ಒಂದು ತಂಡದಲ್ಲಿ ನೂರಕ್ಕೆ ಎರಡಕ್ಕೆ ಸೋಂಕಿದ್ದರೂ ಅದನ್ನು 95 ಪಾಲು ಭರವಸೆಯಿಂದ ಹಿಡಿಯಬೇಕಾದರೆ ಸುಮಾರು 150 ಮರಿಗಳನ್ನು ಪರೀಕ್ಷೆಗೆ ತೆಗೆಯಬೇಕು. ಹತ್ತಿಪ್ಪತ್ತು ಮರಿ ತೆಗೆದು ‘ಸೋಂಕಿಲ್ಲ’ ಎಂಬ ಚೀಟಿ ಹಿಡಿದು ಬಂದರೆ ಆ ಚೀಟಿಗೆ ಹೆಚ್ಚು ಬೆಲೆಯಿಲ್ಲ. ಮರಿ ಎಲ್ಲಿಂದ, ಎಷ್ಟು, ಹೇಗೆ ತೆಗೆದರು ಎಂದು ಕೇಳುವ ತಿಳಿವಳಿಕೆ ಕಿಟ್ಟಿನ ಡಬ್ಬಿಯಲ್ಲಿ ಬರುವುದಿಲ್ಲ. ನನ್ನ ಮರಿ ಶುದ್ಧವಿದ್ದು ಪಕ್ಕದವರ ಕೆರೆಗೆ ರೋಗ ಬಂದರೆ, ಅವರು ಹೊಳೆಗೆ ಬಿಟ್ಟ ನೀರೇ ಮುಂದಿನ ಭರತದಲ್ಲಿ ನನ್ನ ತೂಬಿಗೆ ಬರುತ್ತದೆ. ಒಬ್ಬೊಬ್ಬರೇ ಕೊಂಡುಕೊಳ್ಳುವ ತಂತ್ರಜ್ಞಾನದಿಂದ ಇದಕ್ಕೆ ಪರಿಹಾರವಿಲ್ಲ, ಎಲ್ಲರೂ ಒಟ್ಟಾಗಬೇಕು.

ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ 2000ರ ಬಳಿಕ ‘ನಾಕಾ’ ಎಂಬ ಏಷ್ಯಾದ ಜಲಕೃಷಿ ಕೇಂದ್ರಗಳ ಒಕ್ಕೂಟದ ಜತೆ ಸೇರಿ ಆಂಧ್ರದ ಹಳ್ಳಿಗಳಲ್ಲಿ ಮಾಡಿ ತೋರಿಸಿದ್ದು ಇದನ್ನೇ. ಸಣ್ಣ ರೈತರು ‘ಅಕ್ವಾಕ್ಲಬ್’ ಕಟ್ಟಿಕೊಂಡರು. ಪರೀಕ್ಷಿಸಿದ ಮರಿಯನ್ನು ಒಟ್ಟಿಗೆ ಕೊಂಡರು, ಒಂದೇ ಅವಧಿಯಲ್ಲಿ ಬಿಟ್ಟರು, ರೋಗ ಬಂದರೆ ಪರಸ್ಪರ ತಿಳಿಸಿದರು. ಆ ಅನುಭವದಿಂದ 2007ರಲ್ಲಿ ಸುಸ್ಥಿರ ಜಲಕೃಷಿಯ ರಾಷ್ಟ್ರೀಯ ಕೇಂದ್ರ ಹುಟ್ಟಿತು. ಮಂಗಳೂರಿನ ಮೋಹನ್ ಅವರೇ ಮುಂದೆ ನಾಕಾ ಸೇರಿ ಈ ಕೆಲಸವನ್ನು ಏಷ್ಯಾದ ಉದ್ದಗಲಕ್ಕೆ ಒಯ್ದರು. ಲ್ಯಾಬಿನ ಜ್ಞಾನಕ್ಕೆ ಊರಿನ ಸಂಘಟನೆ ಕೂಡಿದಾಗಲೇ ಫಸಲು ಉಳಿಯಿತು.

2009ರಿಂದ ವನಾಮಿ ಸಿಗಡಿಗೆ ಅನುಮತಿ ಸಿಕ್ಕಿತು. ನಿರ್ದಿಷ್ಟ ರೋಗಾಣುಗಳಿಲ್ಲದ ಆ ತಳಿಯ ಹಿಂದೆ ಅಮೆರಿಕದಲ್ಲಿ ಸರ್ಕಾರಿ ಹಣದಿಂದ ನಡೆದ ಸಂಶೋಧನೆ ಇದೆ. ಹವಾಯಿಯ ಓಷನಿಕ್ ಇನ್‌ಸ್ಟಿಟ್ಯೂಟ್, ಅರಿಜೋನಾ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ಸೇರಿ ಮಾಡಿದ ಕೆಲಸ ಖಾಸಗಿ ಕಂಪನಿಗಳ ಕೈಸೇರಿತು. ಆ ಕಂಪನಿಗಳ ತಾಯಿ ಸಿಗಡಿ ಚೆನ್ನೈನ ಕ್ವಾರಂಟೈನ್ ಕೇಂದ್ರ ದಾಟಿ ಹ್ಯಾಚರಿಗೆ, ಅಲ್ಲಿಂದ ಮರಿಯಾಗಿ ಲಾರಿಯಲ್ಲಿ ದೂರದ ಕೆರೆಗಳಿಗೆ ಹೋಗುತ್ತದೆ. ಈ ಸರಪಳಿಯ ಕಟ್ಟಕಡೆಯ ಕೊಂಡಿ ಕುಂದಾಪುರದ ರೈತ. ಅವನು ಬೆಲೆ ತೆರುತ್ತಾನೆ, ನಷ್ಟ ಹೊರುತ್ತಾನೆ. ಒಪ್ಪಂದದ ಯಾವ ಪುಟದಲ್ಲೂ ಅವನ ಮಾತಿಲ್ಲ.

ಬ್ರಹ್ಮಾವರದ ಬೀಜ

ಇನ್ನೊಂದು ಬಗೆಯ ವರ್ಗಾವಣೆ ಬ್ರಹ್ಮಾವರದಲ್ಲಿ ನಡೆಯುತ್ತಿದೆ. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ವಲಯ ಸಂಶೋಧನಾ ಕೇಂದ್ರ ಅಲ್ಲಿದೆ. ಕರಾವಳಿಯ ಬೈಲು ಗದ್ದೆಗಳಲ್ಲಿ ಮಳೆಗಾಲದ ನೆರೆ ನಿಂತರೂ ತಾಳಿಕೊಳ್ಳುವ ಕೆಂಪಕ್ಕಿ ತಳಿ ‘ಸಹ್ಯಾದ್ರಿ ಪಂಚಮುಖಿ’ ಈ ಕೇಂದ್ರದ ಕೊಡುಗೆ. ಅದಕ್ಕೆ ಮೊದಲು, ಈಗಲೂ ಕೂಡ, ಕುಚ್ಚಲಕ್ಕಿ ಉಣ್ಣುವ ನಮ್ಮವರು ನೆಚ್ಚಿಕೊಂಡದ್ದು ಕೇರಳದ ಮೊಂಕೊಂಬು ಸಂಶೋಧನಾ ಕೇಂದ್ರದಿಂದ ಬಂದ ಎಂಒ-4 ತಳಿಯನ್ನು. ಗಡಿಯಾಚೆಯ ಸರ್ಕಾರಿ ಕೇಂದ್ರದ ಬೀಜ ಗದ್ದೆಯಿಂದ ಗದ್ದೆಗೆ ಹಬ್ಬಿ ನಮ್ಮದೇ ಆಗಿಬಿಟ್ಟಿತು.

ಇಲ್ಲಿ ರಾಯಧನವಿಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಂ ಪ್ರಕಾರ ರೈತ ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಬ್ರ್ಯಾಂಡ್ ಹೆಸರಿಲ್ಲದೆ ಮಾರಲೂಬಹುದು. ಇಷ್ಟು ಮುಕ್ತವಾದ ದಾರಿಯಲ್ಲೂ ಒಂದು ತೊಡಕಿದೆ. ತಳಿ ತಜ್ಞರ ಬೀಜದಿಂದ ಮೂಲ ಬೀಜ, ಅದರಿಂದ ಪ್ರಮಾಣಿತ ಬೀಜ ಎಂದು ವರ್ಷ ವರ್ಷ ಹೆಚ್ಚಿಸುತ್ತ ಹೋಗಬೇಕು. ಈ ಕೆಲಸಕ್ಕೆ ದುಡ್ಡು, ಜನ, ಗದ್ದೆ ಸಾಲದೆ ಹೋದರೆ ಒಳ್ಳೆಯ ತಳಿಯೂ ಕೇಂದ್ರದ ಬೇಲಿಯೊಳಗೇ ಉಳಿಯುತ್ತದೆ. ಬಿತ್ತುವ ಹೊತ್ತಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಬೇಕಾದ ಬೀಜ ಸಿಗದೆ ಪರದಾಡಿದ್ದು ಕರಾವಳಿಗೆ ಹೊಸತಲ್ಲ. ಬಾಗಿಲು ತೆರೆದಿಟ್ಟರೆ ಸಾಲದು, ಮನೆ ತನಕ ತಲುಪಿಸುವವರೂ ಬೇಕು.

ಗುಳ್ಳ ಕೇಳಿದ ಪ್ರಶ್ನೆ

ಬ್ರಹ್ಮಾವರದಿಂದ ದಕ್ಷಿಣಕ್ಕೆ ಉಡುಪಿ ದಾಟಿ ಕಟಪಾಡಿ ಬಳಿ ಹೋದರೆ ಮಟ್ಟು. ಸೋದೆ ಮಠದ ವಾದಿರಾಜರು ಬೀಜ ಕೊಟ್ಟರೆಂದು ಊರವರು ನಂಬಿರುವ ಮಟ್ಟುಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಅದಕ್ಕೂ ಮೊದಲೇ ಬದನೆ ದೊಡ್ಡ ವಿವಾದಕ್ಕೆ ಸಿಲುಕಿತ್ತು. ಅಮೆರಿಕ ಸರ್ಕಾರದ ನೆರವಿನ, ಕಾರ್ನೆಲ್ ವಿಶ್ವವಿದ್ಯಾಲಯ ಮುನ್ನಡೆಸಿದ ಯೋಜನೆಯಡಿ 2005ರಲ್ಲಿ ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಮಹಿಕೋ ಕಂಪನಿ ಒಪ್ಪಂದಕ್ಕೆ ಬಂದವು. ಕಾಯಿಕೊರಕ ಹುಳುವನ್ನು ತಡೆಯುವ ಬಿಟಿ ವಂಶವಾಹಿಯನ್ನು ಸ್ಥಳೀಯ ಬದನೆ ತಳಿಗಳಿಗೆ ಸೇರಿಸುವುದು ಉದ್ದೇಶ. ಆ ತಳಿಗಳ ಪಟ್ಟಿಯಲ್ಲಿ ‘ಉಡುಪಿ ಲೋಕಲ್’ ಕೂಡ ಇತ್ತು. ಕಂಪನಿ ಹೈಬ್ರಿಡ್ ಬೀಜ ಮಾರುವುದು, ವಿಶ್ವವಿದ್ಯಾಲಯ ರೈತರು ಮತ್ತೆ ಬಿತ್ತಬಹುದಾದ ತಳಿ ಕೊಡುವುದು ಎಂಬ ಹಂಚಿಕೆಯಲ್ಲಿ ರೈತರ ಹಿತವೂ ಇತ್ತು ಎಂಬುದನ್ನು ಒಪ್ಪಬೇಕು.

ಆದರೆ ಬೀಜ ಯಾರದ್ದು? ಅದನ್ನು ತಲೆಮಾರುಗಳಿಂದ ಕಾಪಾಡಿದವರನ್ನು ಕೇಳಿದರೇ? 2009ರ ಅಕ್ಟೋಬರಿನಲ್ಲಿ ಬಿಟಿ ಬದನೆಗೆ ತಜ್ಞರ ಸಮಿತಿ ಹಸಿರು ನಿಶಾನೆ ತೋರಿತು. ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಸಾರ್ವಜನಿಕ ಅಹವಾಲು ಕೇಳಿದ ಪರಿಸರ ಸಚಿವ ಜೈರಾಮ್ ರಮೇಶ್ 2010ರ ಫೆಬ್ರವರಿ 9ರಂದು ಅದಕ್ಕೆ ತಡೆ ಒಡ್ಡಿದರು. ಅದೇ ತಿಂಗಳು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್, 2002ರ ಜೀವವೈವಿಧ್ಯ ಕಾಯ್ದೆಯ ಅನುಮತಿ ಪಡೆಯದೆ ಸ್ಥಳೀಯ ತಳಿ ಬಳಸಲಾಗಿದೆ ಎಂದು ದೂರು ಕೊಟ್ಟಿತು. 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ನಿರ್ಧರಿಸಿತು. 2012ರಲ್ಲಿ ವಿಷಯ ಧಾರವಾಡದ ನ್ಯಾಯಾಲಯದ ಮೆಟ್ಟಿಲೇರಿತು. ತಪ್ಪು ಯಾರದ್ದು ಎಂಬುದನ್ನು ನ್ಯಾಯಾಲಯಗಳೇ ಹೇಳಬೇಕು. ನಮಗೆ ಬೇಕಾದ ಪಾಠ ಅದಕ್ಕಿಂತ ಸರಳ: ಮೊದಲೇ ಊರನ್ನು ಕೂರಿಸಿಕೊಂಡು ಮಾತಾಡಿದ್ದರೆ ವರ್ಷಗಟ್ಟಲೆ ಕಲಹ, ಸಂಶಯ, ವಿಜ್ಞಾನಿಗಳ ವ್ಯರ್ಥ ಶ್ರಮ ಇವಿಷ್ಟೂ ತಪ್ಪುತ್ತಿತ್ತು.

ಇಂಥ ಒಪ್ಪಂದಗಳ ಹಿಂದಿನ ಕಾನೂನನ್ನೂ ನೋಡಿ. ಅಮೆರಿಕ 1980ರಲ್ಲಿ ಬೇ-ಡೋಲ್ ಕಾಯ್ದೆ ತಂದು, ಸರ್ಕಾರಿ ಹಣದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಂಡು ಕಂಪನಿಗಳಿಗೆ ಕೊಡಲು ದಾರಿ ಮಾಡಿತು. ಅದೇ ಜಾಡಿನ ಮಸೂದೆಯನ್ನು ಭಾರತ 2008ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿ, 2014ರಲ್ಲಿ ಹಿಂದಕ್ಕೆ ಪಡೆಯಿತು. ಹಾಗಾಗಿ ಇಂದು ಒಂದೊಂದು ಸಂಸ್ಥೆಗೂ ಒಂದೊಂದು ನೀತಿ. ಸಹಿ ಹಾಕುವವರು ಎರಡೇ ಪಕ್ಷ, ಸಂಸ್ಥೆ ಮತ್ತು ಕಂಪನಿ.

ಊರಿಗೂ ಒಂದು ಕುರ್ಚಿ

ಊರನ್ನು ಸೇರಿಸಿಕೊಂಡರೆ ಕೆಲಸ ನಿಲ್ಲುತ್ತದೆ ಎಂಬ ಅಂಜಿಕೆಗೆ ಬೈಂದೂರು ಸೀಮೆಯ ಉಪ್ಪುಂದವೇ ಉತ್ತರ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿನ ಮೀನುಗಾರರ ಜತೆಗೂಡಿ ಕಡಿಮೆ ಖರ್ಚಿನ ಪಂಜರ ಕೃಷಿಯನ್ನು ರೂಢಿಗೆ ತಂದರು. ಕೆಂಬೇರಿ, ಸೀಬಾಸ್ ಮರಿಗಳನ್ನು ಪಂಜರದಲ್ಲಿ ಸಾಕುವ ವಿದ್ಯೆ ಲ್ಯಾಬಿನದು. ನೀರಿನ ಸೆಳೆತ, ಮಳೆಗಾಲದ ರಭಸ, ಮರಿ ಸಿಗುವ ಜಾಗಗಳ ಅರಿವು ಮೀನುಗಾರರದು. ಎರಡೂ ಕೂಡಿದ್ದರಿಂದಲೇ ಅದು ಬೇರೂರಿತು.

ಈಗ ಮಣಿಪಾಲದಲ್ಲಿ ರಾಜ್ಯ ಸರ್ಕಾರದ ಸಹಭಾಗಿತ್ವದ ಬಯೋ ಇನ್‌ಕ್ಯುಬೇಟರ್ ಇದೆ. ಎಳೆಯ ಕಂಪನಿಗಳು ಬರುತ್ತಿವೆ. ಇದು ಖಂಡಿತ ಸಂತೋಷದ ಸಂಗತಿ. ಆ ಕಂಪನಿಗಳು ನಮ್ಮ ಹೊಳೆ, ಕಾಂಡ್ಲಾ, ಕಡಲು, ಗದ್ದೆಗಳತ್ತ ಕಣ್ಣು ಹಾಯಿಸುವುದು ಸಹಜ, ಹಾಯಿಸಲಿ ಕೂಡ. ಆದರೆ ಮೂರು ಕೆಲಸ ಆಗಬೇಕು. ಸಾರ್ವಜನಿಕ ಹಣದಲ್ಲಿ ನಡೆದ ಸಂಶೋಧನೆಯ ಒಪ್ಪಂದಗಳ ಮುಖ್ಯ ಷರತ್ತುಗಳನ್ನು ವಿಶ್ವವಿದ್ಯಾಲಯಗಳು ಕನ್ನಡದಲ್ಲಿ ಪ್ರಕಟಿಸಬೇಕು. ಸಿಗಡಿ, ಮೀನಿನ ರೋಗ ಪರೀಕ್ಷೆಯ ಸೌಲಭ್ಯ ಮತ್ತು ತರಬೇತಾದ ಸಿಬ್ಬಂದಿ ಕುಂದಾಪುರದಲ್ಲೇ ರೈತರ ಕೈಗೆಟಕುವಂತಿರಬೇಕು. ಪರವಾನಗಿಯಿಂದ ಬಂದ ಆದಾಯದ ಒಂದು ಪಾಲು ಬೀಜೋತ್ಪಾದನೆಗೂ ಊರಿನ ಸಂಘಗಳಿಗೂ ಹೋಗಬೇಕು.

ಊರಿನ ಕೈಯಲ್ಲೂ ಒಂದು ಹತಾರವಿದೆ. ಜೀವವೈವಿಧ್ಯ ಕಾಯ್ದೆಯ 41ನೇ ಕಲಂ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದರ ವ್ಯಾಪ್ತಿಯ ಜೀವಸಂಪತ್ತಿನ ಬಳಕೆ ಬಗ್ಗೆ ನಿರ್ಧರಿಸುವಾಗ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಮತ್ತು ರಾಜ್ಯ ಜೀವವೈವಿಧ್ಯ ಮಂಡಳಿ ಆ ಸಮಿತಿಯನ್ನು ಕೇಳಲೇಬೇಕು. 2023ರ ತಿದ್ದುಪಡಿಯಿಂದ ಜೈಲು ಶಿಕ್ಷೆ ಹೋಗಿ ದಂಡ ಉಳಿದಿದೆ. ಹಾಗಿರುವಾಗ ಸಮಿತಿಗಳ ಎಚ್ಚರ ಇನ್ನಷ್ಟು ಬೇಕು. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಸಮಿತಿಯ ಸದಸ್ಯರು ಯಾರು, ನಮ್ಮ ಬತ್ತ, ಮೀನು, ಚಟ್ಲಿ, ತರಕಾರಿ ತಳಿಗಳು ಅದರ ದಾಖಲಾತಿಯಲ್ಲಿ ಇವೆಯೇ? ಇಲ್ಲವೆಂದರೆ ಬರೆಸಿ. ಬರೆದಿಟ್ಟ ಊರಿಗೆ ಮಾತ್ರ ಮೂರನೆಯ ಸಹಿ ಹಾಕುವ ಹಕ್ಕು ಕೈಗೆ ಬರುತ್ತದೆ.