ತಂತ್ರಾಂಶದ ಕೆಲಸಕ್ಕೊಂದು ಲ್ಯಾಪ್‌ಟಾಪ್

ನಿಮ್ಮ ಮನೆಯ ಮಗನೋ ಮಗಳೋ ತಂತ್ರಾಂಶ ಬರೆಯುವ (ಸಾಫ್ಟ್‌ವೇರ್ ಎಂದರೂ ಸರಿಯೆ) ಉದ್ಯೋಗಕ್ಕೆ ಅಣಿಯಾಗುತ್ತಿದ್ದರೆ ಲ್ಯಾಪ್‌ಟಾಪ್ ಕೊಳ್ಳುವ ಮಾತು ಬಂದೇ ಬರುತ್ತದೆ. ಕೈಯಲ್ಲಿರುವ ಹಣ ಮಿತವಾಗಿದ್ದಾಗ ಹೊರಗಿನ ಹೊಳಪಿಗೆ ಮರುಳಾಗದೆ, ರ‍್ಯಾಮ್ ಎಷ್ಟಿದೆಯೆಂದು ಮೊದಲು ಕೇಳಿರಿ. ಅದು ಕೆಲಸಗಾರನ ಮುಂದಿನ ಮೇಜಿದ್ದಂತೆ. ಬರೆಯುವ ಸಾಧನ, ಬ್ರೌಸರ್, ಡೇಟಾಬೇಸ್ ಎಲ್ಲವನ್ನೂ ಏಕಕಾಲಕ್ಕೆ ಅದರ ಮೇಲೆ ಹರಡಿಕೊಳ್ಳಬೇಕು. ಮೇಜು ಸಾಲದಾದರೆ ಯಂತ್ರವು ಸಾಮಾನುಗಳನ್ನು ಉಗ್ರಾಣಕ್ಕೆ ಸಾಗಿಸುತ್ತ, ಮರಳಿ ತರುತ್ತ ಕಾಲ ಕಳೆಯುತ್ತದೆ. 8 ಜಿಬಿ ಇಕ್ಕಟ್ಟು, 16 ಇರಲಿ. ಅನೇಕ ತೆಳು ಯಂತ್ರಗಳಲ್ಲಿ ರ‍್ಯಾಮನ್ನು ಫಲಕಕ್ಕೇ ಬೆಸೆದಿರುವುದರಿಂದ ಮುಂದೆ ಹೆಚ್ಚಿಸಲಾಗದು. ಅಂಗಡಿಯವರು ತಾವಾಗಿ ಇದನ್ನು ಹೇಳಲಾರರು, ನೀವೇ ವಿಚಾರಿಸಬೇಕು. ಉಗ್ರಾಣವು ಎಸ್‌ಎಸ್‌ಡಿ ಆಗಿರತಕ್ಕದ್ದು. ಆಟಗಳಿಗೆಂದು ಜೋಡಿಸುವ ಗ್ರಾಫಿಕ್ಸ್ ಕಾರ್ಡು ಈ ಕೆಲಸಕ್ಕೆ ಸಾಮಾನ್ಯವಾಗಿ ಬೇಕಿಲ್ಲ.

ಹೊಸದೇ ಆಗಬೇಕೆಂಬ ಹಠವೂ ಬೇಡ. ಕಚೇರಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಮುಂತಾದ ಗಟ್ಟಿ ಯಂತ್ರಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದೊರೆಯುತ್ತವೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೆಯ ಪೀಳಿಗೆಗಿಂತ ಹಳೆಯ ಪ್ರೊಸೆಸರುಗಳು ಬಹುಮಟ್ಟಿಗೆ ಸಲ್ಲವು. ಲಿನಕ್ಸ್ ಬಳಸುವವರಿಗೆ ಈ ತೊಡಕಿಲ್ಲ. ಹಣ ಎಣಿಸುವ ಮುನ್ನ ಚಾರ್ಜರ್ ಕಳಚಿ, ಅಂಗಡಿಯಲ್ಲೇ ಅರ್ಧ ಗಂಟೆ ನಡೆಸಿ ಬ್ಯಾಟರಿಯನ್ನು ನೋಡಿರಿ.