ಮಣ್ಣು ಅಸಲು, ಮಲ್ಲಿಗೆ ಬಡ್ಡಿ

ಮಲ್ಲಿಗೆ ಎಂದರೆ ಪೊದೆ, ಇಲ್ಲವೇ ಚಪ್ಪರ. ಉಡುಪಿ ಕಡೆಯ ನಮ್ಮ ಹಿತ್ತಿಲಲ್ಲಿ ಮಾತ್ರ ಅದು ಚಾಪೆ ಹಾಸಿದಂತೆ ನೆಲದ ಮೇಲೆ ಮಲಗಿದೆ.

ನಮ್ಮ ಮನೆ ಗುಡ್ಡದ ಓರೆಯಲ್ಲಿದೆ. ಬಾವಿಯ ಆಚೆಗೆ ನೆಲ ಇಳಿಜಾರು. ನಾನು ಬ್ಯಾಂಕಿನಿಂದ ನಿವೃತ್ತನಾದ ಮೇಲಿನ ಒಂದು ಮಳೆಗಾಲದಲ್ಲಿ ಅಲ್ಲಿನ ಮಣ್ಣು ಕೊಚ್ಚಿಹೋಗಿ ಬಾವಿಕಟ್ಟೆಯ ತಳಪಾಯವೇ ಕಾಣಿಸತೊಡಗಿತು. ಕಲ್ಲಿನ ಗೋಡೆ ಕಟ್ಟಿಸುವಷ್ಟು ಹಣ ಕೈಯಲ್ಲಿರಲಿಲ್ಲ. "ಮಲ್ಲಿಗೆ ಹಬ್ಬಿಸಿ ನೋಡಿ. ಗೆಲ್ಲು ನೆಲಕ್ಕೆ ತಾಗಿದಲ್ಲಿ ಬೇರು ಬಿಡುತ್ತದಲ್ಲ" ಎಂದಳು ನನ್ನಾಕೆ.

ಮೊದಲ ವರ್ಷ ಮೇಲಿನಿಂದ ಕೆಳಗಿನವರೆಗೆ ಉಡುಪಿ ಮಲ್ಲಿಗೆಯನ್ನೇ ನೆಟ್ಟೆ. ಕೆಳಗೆ ನೀರು ನಿಂತು ಒಂದು ಸಾಲು ಪೂರ್ತಿ ಕೊಳೆಯಿತು. ಮರುವರ್ಷ ಬುದ್ಧಿ ಬಂತು. ನೀರು ಹರಿದುಹೋಗಲು ಕೆಳಗೆ ಕಣಿ ತೋಡಿದೆ. ಬಿಸಿಲು ಚೆನ್ನಾಗಿ ಬೀಳುವ ಮೇಲಂಚಿಗೆ ಉಡುಪಿ ಮಲ್ಲಿಗೆ, ನಡುವಿನ ಇಳಿಜಾರಿಗೆ ಕಾಕಡ, ಕಲ್ಲುಗಳ ಮೇಲೆ ಇಳಿಬೀಳಲು ಜಾಜಿ.

ಕಾಕಡ ನೆಡುವುದು ಸುಲಭ ಮಕ್ಕಳೇ. ಗೇಣುದ್ದದ ಬಲಿತ ಗೆಲ್ಲಿನ ಎರಡು ಗಂಟು ಮಣ್ಣೊಳಗೆ ಇರಬೇಕು. ಚಿಗುರಿ ಉದ್ದ ಬೆಳೆದ ಮೇಲೆ ಮೆಲ್ಲನೆ ಬಗ್ಗಿಸಿ, ಗಂಟಿನ ಮೇಲೆ ಹಿಡಿ ಮಣ್ಣು ಹಾಕಿ ಕಲ್ಲು ಹೇರಿ. ಅಲ್ಲಿ ಬೇರಿಳಿದರೆ ಒಂದು ಗಿಡ ಎರಡಾಗುತ್ತದೆ. ಗಿಡ ಹಬ್ಬುವವರೆಗೆ ತೆಂಗಿನ ಮಡಲು ಅಡ್ಡವಿಟ್ಟು ಮಣ್ಣು ತಡೆದೆ, ಕಳೆ ಕಿತ್ತೆ. ಮೂರನೆಯ ಮಳೆಗಾಲದಲ್ಲಿ ಮಣ್ಣು ನಿಂತಿತು. ಒಂದು ಎಚ್ಚರಿಕೆ: ಹಬ್ಬಿದ ಗಿಡದಡಿ ಹಾವು ಇರಬಹುದು. ಕೋಲಿನಿಂದ ತಟ್ಟದೆ, ದೊಡ್ಡವರಿಲ್ಲದೆ ಅಲ್ಲಿಗೆ ಕೈ ಹಾಕಬೇಡಿ.

ಬೇಸಗೆಯಲ್ಲಿ ಉಡುಪಿ ಮಲ್ಲಿಗೆ, ಮಳೆಗಾಲದಲ್ಲಿ ಜಾಜಿ, ಚಳಿಗಾಲದಲ್ಲಿ ಕಾಕಡ. ಕಾಕಡಕ್ಕೆ ಪರಿಮಳ ಕಡಿಮೆ, ದೇವರಿಗೆ ಅಡ್ಡಿಯಿಲ್ಲ.

ಕಳೆದ ರಜೆಯಲ್ಲಿ ಐದನೇ ತರಗತಿಯ ಮೊಮ್ಮಗಳು ಉಡುಪಿ ಮಲ್ಲಿಗೆಯ ಮೊಗ್ಗು ಎಣಿಸಿದಳು: 64. ನಮ್ಮಲ್ಲಿ ಈ ಹೂವಿನ ಮಾರಾಟ ಅಟ್ಟೆ, ಚೆಂಡಿನ ಲೆಕ್ಕದಲ್ಲಿ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ.

"ಅಜ್ಜಾ, ದಿನಕ್ಕೆ ಇಷ್ಟೇ ಆದರೆ ಒಂದು ಅಟ್ಟೆಗೆ 50 ದಿನ ಬೇಕು! ಇದು ನಷ್ಟವಲ್ಲವಾ?"

ಲೆಕ್ಕ ಸರಿಯಿತ್ತು. ಶಂಕರಪುರದ ಬೆಳೆಗಾರರು ಗಿಡ ಸವರುತ್ತಾರೆ. ಹೊಸ ಚಿಗುರಿನಲ್ಲಿ ಹೂ ತುಂಬಿ ಬರುತ್ತದೆ. ನಾನು ಹಾಗೆ ಸವರಿದರೆ ಇಳಿಜಾರು ಬೋಳಾಗುತ್ತದೆ. ಅವಳನ್ನು ಬಾವಿಯ ಬಳಿಗೆ ಕರೆದೊಯ್ದೆ. ಅಂದು ಕಾಣುತ್ತಿದ್ದ ತಳಪಾಯ, ನಾವು ಮತ್ತೆ ತುಂಬಿಸಿದ ಮಣ್ಣಿನಡಿ ಮುಚ್ಚಿಹೋಗಿತ್ತು.

"ಮಣ್ಣು ಅಸಲು, ಹೂವು ಬಡ್ಡಿ. ಅಸಲೇ ಕೊಚ್ಚಿಹೋದರೆ ಬಡ್ಡಿ ಎಲ್ಲಿಂದ ಬಂದೀತು?" ಎಂದೆ.

ಅವಳು ತುಸು ಯೋಚಿಸಿ, "ಹಾಗಾದರೆ ಇವತ್ತಿನ ಬಡ್ಡಿ ಅಜ್ಜಿಗೆ" ಎಂದು ಮೊಗ್ಗುಗಳನ್ನು ಉಡಿಯಲ್ಲಿ ತುಂಬಿಕೊಂಡು ಒಳಗೋಡಿದಳು. ಅಜ್ಜಿ ಆಗಲೇ ಬಾಳೆನಾರು ಸೀಳುತ್ತಾ ಕೂತಿದ್ದಳು.